ಕೀಮೋ ಮುಗಿದರೂ ಎಕೋ ಮುಗಿಯದು

ಕೀಮೋ ವಾರ್ಡಿನಲ್ಲಿ ರೋಗಿಗಳು ‘ಕೆಂಪು ಔಷಧಿ’ ಅನ್ನುವುದು ಡಾಕ್ಸೊರುಬಿಸಿನ್‌ಗೆ. ಏರಿಸಿದ ದಿನ ಮೂತ್ರವೂ ಕೆಂಪಗಾಗಿ ಹೆದರಿಸುತ್ತದೆ. ಆ ಕೆಂಪು ಒಂದೆರಡು ದಿನದಲ್ಲಿ ಹೋಗುತ್ತದೆ. ಆದರೆ ಇದೇ ಔಷಧಿಯಿಂದ ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿದ್ದರೆ ಅದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಹೃದಯದ ಜೀವಕೋಶಗಳು ಸತ್ತರೆ ಹೊಸವು ಹುಟ್ಟುವುದು ತೀರಾ ಅಪರೂಪ.

ಅದಕ್ಕೇ ವೈದ್ಯರು ಈ ಔಷಧಿಯ ಒಟ್ಟು ಮೊತ್ತದ ಲೆಕ್ಕ ಇಡುತ್ತಾರೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 400 ಮಿಲಿಗ್ರಾಂ ತಲುಪಿದಾಗ ಸುಮಾರು 5% ಜನರಲ್ಲಿ, 550 ತಲುಪಿದಾಗ ಸುಮಾರು 26% ಜನರಲ್ಲಿ ಹೃದಯ ವೈಫಲ್ಯ ಕಂಡದ್ದು 2003ರ ಒಂದು ವಿಶ್ಲೇಷಣೆಯಲ್ಲಿ ದಾಖಲಾಗಿದೆ. ಸ್ತನ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವ ನಾಲ್ಕು ಸುತ್ತಿನ ಮೊತ್ತ 240 ಮಿಲಿಗ್ರಾಂ. ಅಂದರೆ ಗಾಬರಿ ಬೇಡ, ಲೆಕ್ಕ ಮಾತ್ರ ತಪ್ಪಬಾರದು.

ಕೆಲವು ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್‌ನ ರೀತಿಯೇ ಬೇರೆ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದರ ಅಗ್ಗದ ರೂಪವನ್ನು ಮಾರುಕಟ್ಟೆಗೆ ತಂದಿತು. ಇದು ಹೃದಯವನ್ನು ದುರ್ಬಲಗೊಳಿಸಿದರೂ ನಿಲ್ಲಿಸಿದರೆ ಬಹುಪಾಲು ಚೇತರಿಸುತ್ತದೆ. ಹಾಗೆಂದು ರೋಗಿ ತಾನಾಗಿ ನಿಲ್ಲಿಸುವಂತಿಲ್ಲ. ಮೂರು ತಿಂಗಳಿಗೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬರೆದುಕೊಡುವುದು ಈ ದುರ್ಬಲತೆಯನ್ನು ಬೇಗ ಹಿಡಿಯಲಿಕ್ಕೆ. ರಿಪೋರ್ಟಿನಲ್ಲಿ ‘ಇಎಫ್’ ಎಂಬ ಸಂಖ್ಯೆ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾ ಪ್ರಮಾಣ) ನೋಡಿ: ಮೊದಲಿದ್ದದ್ದಕ್ಕಿಂತ 10 ಅಂಕ ಕುಸಿದು 50ಕ್ಕಿಂತ ಕೆಳಗಿಳಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಈಚೆಗೆ ಸ್ನಾಯುವಿನ ಎಳೆತವನ್ನೇ ಅಳೆಯುವ ‘ಸ್ಟ್ರೇನ್’ ಎಕೋ ಬಂದಿದೆ. ಇಎಫ್ ಇಳಿಯುವ ಮುಂಚೆಯೇ ಸುಳಿವು ಕೊಡುತ್ತದೆ.

ನಮ್ಮ ಕಡೆ ‘ಕರೆಂಟ್ ಕೊಡಿಸೋದು’ ಅನ್ನುವ ರೇಡಿಯೇಷನ್ ಎಡ ಎದೆಗಾದರೆ ಹೃದಯಕ್ಕೂ ಒಂದಿಷ್ಟು ತಾಗುತ್ತದೆ. ಹೃದಯಕ್ಕೆ ಬಿದ್ದ ವಿಕಿರಣದ ಪ್ರತಿ ಗ್ರೇಗೆ (ಅದರ ಅಳತೆಯ ಮಾನ) ಹೃದ್ರೋಗದ ಅಪಾಯ 7.4% ಏರುತ್ತದೆಂದು ಸ್ವೀಡನ್, ಡೆನ್ಮಾರ್ಕ್ ಮಹಿಳೆಯರ 2013ರ ಅಧ್ಯಯನ ಹೇಳಿತು. ಉಸಿರು ಎಳೆದು ಹಿಡಿದಾಗ ಹೃದಯ ಎದೆಗೂಡಿನಿಂದ ದೂರ ಸರಿಯುವುದರಿಂದ ಈಗ ಹಲವೆಡೆ ಹಾಗೇ ಉಸಿರು ಹಿಡಿಸಿ ರೇಡಿಯೇಷನ್ ಕೊಡುತ್ತಾರೆ.

ಕೀಮೋದಿಂದ ಹೃದಯಕ್ಕಾಗುವ ಹಾನಿ ತಡೆಯುವ ಮಾತ್ರೆ ಇದೆಯೇ? ಕೆಂಪು ಔಷಧಿಯ ಬಗೆಯ ಕೀಮೋ ಪಡೆದ ಲಿಂಫೋಮಾ (ದುಗ್ಧಗ್ರಂಥಿ ಕ್ಯಾನ್ಸರ್) ರೋಗಿಗಳಿಗೆ ಕೊಲೆಸ್ಟರಾಲ್ ಮಾತ್ರೆ ಅಟೋರ್ವಾಸ್ಟಾಟಿನ್ ಕೊಟ್ಟ 2023ರ ಪ್ರಯೋಗದಲ್ಲಿ ಇಎಫ್ ಕುಸಿದವರು 9%, ಬರೀ ಹುಸಿಮಾತ್ರೆ ಪಡೆದವರಲ್ಲಿ 22%. ಅದಕ್ಕೂ ಹಿಂದಿನ ವರ್ಷ ಹೆಚ್ಚಾಗಿ ಸ್ತನ ಕ್ಯಾನ್ಸರ್ ರೋಗಿಗಳೇ ಇದ್ದ ಇನ್ನೊಂದು ಪ್ರಯೋಗದಲ್ಲಿ ಲಾಭವೇ ಕಾಣಲಿಲ್ಲ. ಎಲ್ಲರೂ ನುಂಗುವ ಮಾತ್ರೆ ಇದಲ್ಲ ಎಂದೇ ನನ್ನ ತಿಳಿವಳಿಕೆ. ಬೇಗ ಹಿಡಿಯುವುದೇ ಸದ್ಯಕ್ಕೆ ದೊಡ್ಡ ಮದ್ದು: ಇಂಥದೇ ಕೀಮೋ ಪಡೆದ ಇಟಲಿಯ 2,625 ರೋಗಿಗಳ ಅಧ್ಯಯನದಲ್ಲಿ ಹೃದಯ ಸೋತ ಪ್ರಕರಣಗಳಲ್ಲಿ 98% ಮೊದಲ ವರ್ಷದಲ್ಲೇ ಕಂಡಿದ್ದವು. ಚಿಕಿತ್ಸೆ ಕೊಟ್ಟಾಗ ಹೆಚ್ಚಿನವರು ಚೇತರಿಸಿಕೊಂಡರು, ಆದರೆ ಪೂರ್ತಿಯಾಗಿ ಚೇತರಿಸಿಕೊಂಡವರು 11% ಮಾತ್ರ.

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಂಥ ಊರಿನ ತೊಡಕು ಇಲ್ಲೇ. ಕೀಮೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ. ಏದುಸಿರು ಬಂದಾಗ ನೋಡುವವರು ಊರಿನ ಡಾಕ್ಟರು. ‘ಕೀಮೋ ನಿಶ್ಶಕ್ತಿ’, ‘ರಕ್ತ ಕಡಿಮೆ’ ಎಂದು ಟಾನಿಕ್ ಬರುತ್ತದೆ. ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಪಾದ ಊದುವುದು, ನಾಲ್ಕೈದು ದಿನದಲ್ಲಿ ಎರಡು ಕಿಲೋ ತೂಕ ಏರುವುದು ಕಂಡರೆ ಎಕೋ ಆಗಲೇಬೇಕು. ಇಸಿಜಿ ಸರಿಯಿದೆ ಎಂದು ಸುಮ್ಮನಾಗುವಂತಿಲ್ಲ. ತಪಾಸಣೆಗೆ ಕಿದ್ವಾಯಿಗೆ ಹೋದಾಗ ಎಕೋ ವಿಚಾರವೂ ಕೇಳಿ. ಹೃದಯ ತಜ್ಞರಿಗೆ ಕಳಿಸಿದರೆ ಜಯದೇವ ಆಸ್ಪತ್ರೆ ಅದೇ ಬೆಂಗಳೂರಿನಲ್ಲಿದೆ. ಬಿಪಿ, ಶುಗರ್ ಹತೋಟಿ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಕಡ್ಡಿಪುಡಿ ಬಿಡುವುದು ಮನೆಯಲ್ಲೇ.

ಫೈಲಿನ ಮೊದಲ ಪುಟದಲ್ಲಿ ಔಷಧಿಯ ಹೆಸರು, ಒಟ್ಟು ಮೊತ್ತ, ಕರೆಂಟ್ ಯಾವ ಕಡೆ, ಕೊನೆಯ ಇಎಫ್ ಬರೆಸಿಡಿ. ಚಿಕ್ಕಂದಿನಲ್ಲಿ ರಕ್ತದ ಕ್ಯಾನ್ಸರಿಗೆ ಕೆಂಪು ಔಷಧಿ ಪಡೆದ ಹುಡುಗಿ ಮುಂದೆ ಬಸುರಿಯಾದರೆ ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಆಗ ತಾಯಿ ಕಾರ್ಡಿನ ಜೊತೆ ಈ ಫೈಲನ್ನೂ ಒಯ್ದು ಎಕೋ ಮಾಡಿಸಬೇಕು.