ನರರೋಗಿಗೆ ದಾದಿಯ ಆಸರೆ

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳು ಗುಡ್ಡಗಾಡಿನ ಸೀಮೆ. ಕಾಫಿ, ಏಲಕ್ಕಿ, ಮೆಣಸಿನ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆಗಳಿವೆ. ಮಳೆಗಾಲದಲ್ಲಿ ಇಳಿಜಾರಿನ ಕಾಲುದಾರಿಯಲ್ಲಿ ನಡೆಯುವುದು ಆರೋಗ್ಯವಂತರಿಗೂ ಶ್ರಮದ ಕೆಲಸ. ಕಾಲಿನ ಬಲವನ್ನೇ ಕುಂದಿಸುವ ಕಾಯಿಲೆಯುಳ್ಳವರ ಪಾಡನ್ನು ಹೇಳಬೇಕಾಗಿಲ್ಲ.

ಅಂತಹ ಕಾಯಿಲೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಒಂದು. ಫ್ರಾನ್ಸ್ ದೇಶದ ವೈದ್ಯ ಶಾರ್ಕೊ 1868ರಲ್ಲಿ ಇದನ್ನು ವಿಶದವಾಗಿ ವಿವರಿಸಿದನು. ವಿದ್ಯುತ್ ತಂತಿಗೆ ಹೊದಿಕೆಯಿರುವಂತೆ ನರತಂತುಗಳಿಗೂ ಮಯಲಿನ್ ಎಂಬ ಹೊದಿಕೆಯುಂಟು. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ, ಮಿದುಳು ಮತ್ತು ಬೆನ್ನುಹುರಿಗಳಲ್ಲಿ ಈ ಹೊದಿಕೆಯನ್ನು ಕೆಡಿಸುತ್ತದೆ. ಆಗ ನರಗಳ ಸಂದೇಶಗಳು ತಡವಾಗುತ್ತವೆ, ಇಲ್ಲವೆ ನಿಂತುಹೋಗುತ್ತವೆ. ದೃಷ್ಟಿ ಮಂಜಾಗುವುದು, ಕೈಕಾಲು ಜೋಮುಹಿಡಿಯುವುದು, ನಡಿಗೆ ತಡವರಿಸುವುದು, ವಿಪರೀತ ಆಯಾಸ ಇದರ ಲಕ್ಷಣಗಳು. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ತೋರುವ ಈ ರೋಗವು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಇದು ಅಂಟುರೋಗವಲ್ಲ. ಸಂಪೂರ್ಣ ಗುಣಪಡಿಸುವ ಮದ್ದಿಲ್ಲವಾದರೂ ಮರುಕಳಿಕೆಯನ್ನು ತಗ್ಗಿಸುವ ಔಷಧಗಳಿವೆ.

1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ನರರೋಗಗಳ ಚಿಕಿತ್ಸೆಗೆ ಹೆಸರಾದುದು. ಅದಿರುವ ಬೆಂಗಳೂರು ಸಕಲೇಶಪುರದಿಂದ ಸುಮಾರು 220 ಕಿಲೋಮೀಟರು ದೂರ. ಅಷ್ಟು ದೂರದ ತಜ್ಞರನ್ನು ಕಾಣುವುದು ಕೆಲವು ತಿಂಗಳಿಗೊಮ್ಮೆ ಮಾತ್ರ ಸಾಧ್ಯ. ಉಳಿದ ದಿನಗಳನ್ನು ರೋಗಿಯು ಮನೆಯಲ್ಲಿಯೇ ಕಳೆಯಬೇಕು. ಈ ರೋಗವನ್ನು ಬಲ್ಲ ದಾದಿಯ ಬೆಲೆ ತಿಳಿಯುವುದು ಆ ದಿನಗಳಲ್ಲಿಯೇ.

ಒಂದು ಉದಾಹರಣೆಯನ್ನು ನೋಡಬಹುದು. ಜ್ವರ ಅಥವಾ ಮೂತ್ರದ ಸೋಂಕು ತಗುಲಿದಾಗ ಹಳೆಯ ಲಕ್ಷಣಗಳು ತಾತ್ಕಾಲಿಕವಾಗಿ ಉಲ್ಬಣಿಸುತ್ತವೆ. ರೋಗ ಮರುಕಳಿಸಿತೆಂದು ಮನೆಯವರು ಗಾಬರಿಯಾಗುತ್ತಾರೆ. ತರಬೇತಿ ಪಡೆದ ದಾದಿಯು ಮೊದಲು ಸೋಂಕನ್ನು ಪರೀಕ್ಷಿಸುವಂತೆ ತಿಳಿಸುತ್ತಾಳೆ. ಸೋಂಕಾಗಲಿ ಜ್ವರವಾಗಲಿ ಇಲ್ಲದೆ ಹೊಸ ಲಕ್ಷಣವು 24 ಗಂಟೆಗೂ ಮೀರಿ ಉಳಿದರೆ, ತಡಮಾಡದೆ ತಜ್ಞರಿಗೆ ಸುದ್ದಿ ಮುಟ್ಟಿಸುತ್ತಾಳೆ. ಇದರಿಂದ ವ್ಯರ್ಥ ಪ್ರಯಾಣವೂ ತಪ್ಪುತ್ತದೆ, ಅಪಾಯಕರ ವಿಳಂಬವೂ ತಪ್ಪುತ್ತದೆ.

ಚುಚ್ಚುಮದ್ದು ಹಾಕಿಕೊಳ್ಳುವ ಕ್ರಮ, ತಂಪಿನಲ್ಲಿಡಬೇಕಾದ ಔಷಧವನ್ನು ಕರೆಂಟು ಹೋದಾಗ ಕಾಪಾಡುವ ಬಗೆ, ಮೂತ್ರದ ತೊಂದರೆಯ ನಿವಾರಣೆ ಮುಂತಾದುವನ್ನು ಆಕೆ ಕಲಿಸಬಲ್ಲಳು. ವೈದ್ಯರ ಮುಂದೆ ಹೇಳಲು ನಾಚುವ ಸಂಗತಿಗಳನ್ನೂ ಅನೇಕರು ಆಕೆಯೊಡನೆ ಹೇಳಿಕೊಳ್ಳುತ್ತಾರೆ. ಹೊರನೋಟಕ್ಕೆ ಸದೃಢಳಾಗಿ ಕಾಣುವ ಸೊಸೆಯ ಆಯಾಸವು ಸೋಮಾರಿತನವಲ್ಲ, ರೋಗದ ಲಕ್ಷಣ ಎಂದು ಮನೆಮಂದಿಗೆ ಮನವರಿಕೆ ಮಾಡಿಕೊಡುವುದೂ ಶುಶ್ರೂಷೆಯ ಭಾಗವೇ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಈ ರೋಗದಿಂದಾಗುವ ನ್ಯೂನತೆಯನ್ನೂ ಅಂಗೀಕರಿಸಿದೆ. ಕಾಯಿದೆಯ ಸೌಲಭ್ಯವು ಗುಡ್ಡದ ಮೇಲಿನ ಮನೆಯನ್ನು ತಲುಪಬೇಕಾದರೆ ದಾರಿ ತೋರಿಸುವವರು ಬೇಕು. ತಾಲ್ಲೂಕು ಆಸ್ಪತ್ರೆಯ ಒಬ್ಬ ದಾದಿಗಾದರೂ ನರರೋಗ ಶುಶ್ರೂಷೆಯಲ್ಲಿ ವಿಶೇಷ ಶಿಕ್ಷಣ ದೊರೆತರೆ, ದೂರದ ತಜ್ಞರ ಜ್ಞಾನವು ರೋಗಿಯ ಮನೆಬಾಗಿಲಿಗೆ ಬಂದಂತಾಗುತ್ತದೆ.