ಮಣ್ಣಿಗೆ ಹೋಗುವವರ ಮಾತು

ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಒಬ್ಬ ತರುಣ ಅಧ್ಯಾಪಕರು ನಮ್ಮ ಪಕ್ಕದಲ್ಲಿ ಕುಳಿತಿದ್ದರು. ಬೆಂಗಳೂರಿನ ನಡುಪೇಟೆಯಲ್ಲಿ ಹುಟ್ಟಿ ಬೆಳೆದವರು. ಈ ಕಡೆಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ಎದುರಿನ ಸೀಟಿನಲ್ಲಿದ್ದ ರುಮಾಲಿನ ಮುದುಕನನ್ನು ಅವರು ಸೌಜನ್ಯಕ್ಕಾಗಿ ಮಾತನಾಡಿಸಿದರು. “ಯಜಮಾನರೆ, ಎಲ್ಲಿಗೆ ಹೊರಟಿದ್ದೀರಿ?” “ಬ್ಯಾಡಗಿಗ್ರೀ ಸರ. ಮಣ್ಣಿಗೆ ಹೊಂಟೇನ್ರಿ.” “ಮಣ್ಣಿಗಾಗಿ ಅಷ್ಟು ದೂರವೆ? ನಿಮ್ಮ ಊರಲ್ಲೇ ಒಳ್ಳೆಯ ಮಣ್ಣು ಸಿಗುವದಿಲ್ಲವೆ?” ಸುತ್ತಲಿದ್ದ ನಾಲ್ಕಾರು ಜನರ ಮುಖ ಸಪ್ಪಗಾಯಿತು. ಮುದುಕ ಮಾತ್ರ ಬೇಸರಿಸಲಿಲ್ಲ. “ನಮ್ಮಕ್ಕ ಹೋದ್ಲರೀ,” ಎಂದ.

ಮಣ್ಣಿಗೆ ಹೋಗುವದು, ಮಣ್ಣು ಕೊಡುವದು, ಮಣ್ಣು ಮಾಡುವದು—ಹಾವೇರಿಯ ಸುತ್ತಮುತ್ತ ಹೆಣ ಹೂಳುವ ಮನೆತನಗಳಲ್ಲಿ ಇವು ನಿತ್ಯದ ಮಾತುಗಳು. ಕುಣಿಯ ಸುತ್ತ ನಿಂತವರೆಲ್ಲ ಒಂದೊಂದು ಹಿಡಿ ಮಣ್ಣನ್ನು ಕೆಳಗೆ ಬಿಡುವರು. ಆ ಹಿಡಿಯೇ ‘ಕೊಟ್ಟ’ ಮಣ್ಣು. ಇಲ್ಲಿ ‘ಕೊಡು’ ಎಂಬ ಕ್ರಿಯಾಪದವನ್ನು ಗಮನಿಸಬೇಕು. ಸತ್ತವರಿಗೆ ಇನ್ನು ಕೊಡಲು ಏನೂ ಉಳಿದಿಲ್ಲವೆಂದು ಬಲ್ಲವರಿಗೆ ತೋರುವ ಹೊತ್ತಿನಲ್ಲಿ ಈ ಭಾಷೆ ಒಂದು ಕೊಡುಗೆಯನ್ನು ಉಳಿಸಿಕೊಂಡಿದೆ. ಆದುದರಿಂದಲೇ “ಮಣ್ಣಿಗೂ ಬರಲಿಲ್ಲ” ಎಂಬದು ನಮ್ಮ ಬೀಗರ ಜಗಳಗಳಲ್ಲಿ ಎಲ್ಲಕ್ಕೂ ಕಡೆಯ ಆರೋಪ. ಮದುವೆಗೆ ಬಾರದವನನ್ನು ಕ್ಷಮಿಸಿಯಾರು. ಮಣ್ಣಿಗೆ ಬಾರದವನನ್ನು ಎರಡು ತಲೆಮಾರು ಮಾತನಾಡಿಸಲಿಕ್ಕಿಲ್ಲ.

ಈ ಮಾತು ಇನ್ನೂ ಜೀವಂತವಾಗಿದೆ. ಆದರೆ ಇದರ ಓರಗೆಯ ಎಷ್ಟೋ ಮಾತುಗಳು ತಾವೇ ಮಣ್ಣಾಗಿವೆ. ಅವುಗಳ ಕುರುಹು ಕಾಣಬೇಕಾದರೆ ಹಾವೇರಿಯ ಸಿದ್ಧೇಶ್ವರ ದೇವಾಲಯದ ಆವರಣಕ್ಕೆ ಹೋಗಬೇಕು. ಅಲ್ಲಿ ಸಾಲಾಗಿ ನಿಲ್ಲಿಸಿದ ವೀರಗಲ್ಲುಗಳನ್ನು ನೋಡದ ವಿದ್ಯಾರ್ಥಿ ಈ ಭಾಗದಲ್ಲಿ ಇರಲಾರ. ನಿಂತು ಓದಿದವನು ವಿರಳ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ವೀರನನ್ನು ವಿಮಾನದಲ್ಲಿ ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ವೀರಗಲ್ಲುಗಳ ಬರಹ ಒಮ್ಮೆ ‘ಸುರಲೋಕಪ್ರಾಪ್ತನಾದಂ’ ಎನ್ನುವದು, ಒಮ್ಮೆ ಸಗ್ಗವನ್ನೇರಿದನೆನ್ನುವದು. ಎಷ್ಟೋ ಸಲ ಏನನ್ನೂ ಅಲಂಕರಿಸದೆ, ಕಾದಿ ‘ಸತ್ತಂ’ ಎಂದಿಷ್ಟೇ ಹೇಳಿ ಸುಮ್ಮನಾಗುವದು.

ಈ ‘ಸತ್ತಂ’ ಎಂಬ ಮಾತಿನ ಮುಂದೆ ತುಸು ನಿಲ್ಲುವದು ಯೋಗ್ಯ. ಇಂದು ಗೌರವಸ್ಥರ ಮನೆಯಲ್ಲಿ ‘ಸತ್ತರು’ ಎಂದರೆ ಮೈಮೇಲೆ ಬಂದಾರು. ದನ ಸಾಯುವದು, ನಾಯಿ ಸಾಯುವದು. ಮನುಷ್ಯರು ತೀರಿಕೊಳ್ಳಬೇಕು, ದೈವಾಧೀನರಾಗಬೇಕು, ಕನಿಷ್ಠಪಕ್ಷ ‘ಹೋಗ’ಬೇಕು. ಆದರೆ ತುರುಗಳನ್ನು ಮರಳಿಸಲು ಹೋಗಿ ಬಿದ್ದವನ ಕಲ್ಲಿನ ಮೇಲೆ ಅವನ ಊರಿನವರೇ ‘ಸತ್ತಂ’ ಎಂದು ಕೆತ್ತಿಸಿದಾಗ ಅದರಲ್ಲಿ ಅಗೌರವದ ಲೇಶವೂ ಇರಲಿಲ್ಲ. ಮದ್ದೂರು ತಾಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಪ್ರಸಿದ್ಧ ಕಲ್ಲು ದೊರೆತಿದೆ. ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ಸ್ಮಾರಕವದು. ಹಂದಿಯೂ ನಾಯಿಯೂ ‘ಒಡಸತ್ತುವು’, ಅಂದರೆ ಜೊತೆಗೇ ಸತ್ತವು, ಎಂದು ಅದು ಹೇಳುತ್ತದೆ. ವೀರನಿಗೂ ನಾಯಿಗೂ ಹಂದಿಗೂ ಒಂದೇ ಕ್ರಿಯಾಪದ. ಸಾವಿನಲ್ಲಿ ಮೇಲುಕೀಳುಗಳನ್ನು ಮಾತಿನಿಂದ ಎಣಿಸುವ ಜಾಣತನ ನಮಗೆ ಆಮೇಲೆ ಬಂದುದು. ಈಗ ಯಾರ ಸಾವಿಗೆ ಯಾವ ಮಾತು ಎಂಬದನ್ನು ಕೇಳಿಯೇ ಸತ್ತವನ ಜಾತಿ, ಆಸ್ತಿ, ಮಠಗಳನ್ನು ಹೇಳಬಹುದು. ಕೂಲಿಯವನು ಇಂದಿಗೂ ‘ಸತ್ತ’ನೇ.

ಜೈನ ನಿಸಿಧಿಗಳ ಮಾತೇ ಬೇರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಏಳನೆಯ ಶತಮಾನದ ಬರಹಗಳಲ್ಲಿ ನೋಂಪಿಯನ್ನು ಹಿಡಿದು ಅನ್ನಬಿಟ್ಟ ಮುನಿಗಳು, ಕಂತಿಯರು ‘ಮುಡಿಪಿದರ್’. ಮುಡಿಪುವದೆಂದರೆ ಮುಗಿಸುವದು, ತಾನಾಗಿ ಪೂರೈಸುವದು. ಮರಣವು ಮೇಲೆ ಬಂದೆರಗಿದ ಸಂಗತಿಯಲ್ಲ, ಮಾಡಿ ಮುಗಿಸಿದ ಕೆಲಸ. ಇದು ಹಾವೇರಿಗೆ ದೂರದ ಮಾತೂ ಅಲ್ಲ. ರಾಜ್ಯವನ್ನು ಬಿಟ್ಟುಕೊಟ್ಟ ಗಂಗರ ಮಾರಸಿಂಹನು 974ರ ಸುಮಾರಿನಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು ದೇಹಬಿಟ್ಟದ್ದು ಇದೇ ಜಿಲ್ಲೆಯ ಬಂಕಾಪುರದಲ್ಲಿ. ಅದನ್ನು ಹೇಳುವ ಕಂಬ ಬೆಳಗೊಳದಲ್ಲಿದೆ. ಈಗ ನಮ್ಮಲ್ಲಿ ಮುಡಿಪೆಂದರೆ ದೇವರಿಗೆ ಕಟ್ಟಿಟ್ಟ ಹಣದ ಗಂಟು. ಅದು ಗಂಟಿನ ‘ಮುಡಿ’ಯಿಂದ ಬಂದ ಬೇರೆ ಪದ. ಮುಗಿಸುವ ‘ಮುಡಿ’ ಕನ್ನಡ ನಾಡನ್ನು ಬಿಟ್ಟು ತಮಿಳರ ಮನೆಯಲ್ಲಿ ಕ್ಷೇಮವಾಗಿದೆ. ಅವರು ಅಡಿಗೆ ಮುಗಿದರೂ ಅದನ್ನೇ ಅನ್ನುವರು, ಪರೀಕ್ಷೆ ಮುಗಿದರೂ ಅದನ್ನೇ ಅನ್ನುವರು.

ಅಳಿದ ಮಾತುಗಳಿಗೆಲ್ಲ ಕಣ್ಣೀರು ಸುರಿಸಬೇಕಾಗಿಲ್ಲ. ಮೈಸೂರು ಸೀಮೆಯ ದೊಡ್ಡಹುಂಡಿಯ ಕಲ್ಲಿನಲ್ಲಿ ಗಂಗರ ನೀತಿಮಾರ್ಗನು ಹಾಸಿಗೆಯ ಮೇಲೆ ಒರಗಿದ್ದಾನೆ. ಒಡೆಯನೊಡನೆ ಅಗರಯ್ಯನೆಂಬ ಸೇವಕನು ‘ಕೀಳ್ಗುಂಟೆ’ಯಾದನೆಂದು ಬರಹ ಹೇಳುತ್ತದೆ. ಒಡೆಯನ ಕುಣಿಯ ಕೆಳಗೆ ತಾನೂ ಹೋಗುವದೇ ಕೀಳ್ಗುಂಟೆ. ಬಳೆ ತೊಟ್ಟ ತೋಳನ್ನು ಎತ್ತಿ ಹಿಡಿದ ಮಾಸ್ತಿಕಲ್ಲುಗಳೂ ನಮ್ಮ ಹೊಲಗಳ ಬದುವಿನಲ್ಲಿ ಉಂಟು. ಆ ತೋಳಿಗೆ ಅರಿಷಿಣ ಹಚ್ಚುವ ಮುತ್ತೈದೆಗೆ ಆ ಶಬ್ದದ ಒಳಗಿನ ಬೆಂಕಿ ಕಾಣದಿರುವದೇ ಲೇಸು. ಇಂಥ ಶಬ್ದಗಳು ಕೋಶದಲ್ಲಿ ಮಲಗಿರಲಿ.

ಆದರೆ ‘ನೆತ್ತರುಗೊಡಗೆ’ಯನ್ನು ಕಳೆದುಕೊಂಡುದು ನಷ್ಟವೇ ಸರಿ. ಊರಿಗಾಗಿ ನೆತ್ತರು ಚೆಲ್ಲಿದವನ ಮನೆಯವರಿಗೆ ಬಿಟ್ಟ ಭೂಮಿಗೆ ಆ ಹೆಸರು. ಇಂದಿನ ‘ಪರಿಹಾರಧನ’ದಲ್ಲಿ ಯಾರೋ ಯಾರಿಗೋ ಏನನ್ನೋ ಪರಿಹರಿಸಿದ ಅರ್ಥ ಮಾತ್ರ ಉಂಟು; ಹಣ ಕೈಗೆ ಬಂದರೆ ವ್ಯವಹಾರ ತೀರಿತು. ನೆತ್ತರುಗೊಡಗೆಯಲ್ಲಿ ಚೆಲ್ಲಿದ್ದೇನು, ಕೊಟ್ಟಿದ್ದೇನು ಎರಡೂ ಒಂದೇ ಶಬ್ದದಲ್ಲಿ ಎದುರು ಬದರಾಗಿ ನಿಂತಿವೆ. ಆ ಹೊಲವನ್ನು ಉತ್ತವರೆಲ್ಲ, ಅದರ ಹೆಸರನ್ನು ಹೇಳುವಾಗಲೆಲ್ಲ, ಸತ್ತವನನ್ನು ನೆನೆಯಲೇಬೇಕಾಗಿತ್ತು.

ಇಂಗ್ಲಿಷರ ಭಾಷೆಗೂ ಇದೇ ಗತಿಯಾಗಿದೆ. ಅವರ ಹಳೆಯ ಇತಿವೃತ್ತಗಳಲ್ಲಿ ಅರಸರು ಸಾಯುವದು ಕಡಿಮೆ. ಅವರು ‘ಫೋರ್ತ್‌ಫೇರ್’ ಮಾಡುವರು, ಎಂದರೆ ಮುಂದಕ್ಕೆ ಪ್ರಯಾಣ ಹೊರಡುವರು. ನಮ್ಮ ಮುದುಕನ “ಹೋದ್ಲರೀ” ಎಂಬ ಮಾತಿನ ಖಾಸಾ ತಮ್ಮನಂತಿದೆ ಇದು. ಆ ಪದ ಸತ್ತಿತು; ಅದರ ಅರ್ಧವು ‘ಫೇರ್‌ವೆಲ್’ ಎಂಬುದರಲ್ಲಿ ಅಡಗಿಕೊಂಡಿತು. ನಮ್ಮ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಬಾಳೆಹಣ್ಣು ಹಂಚಿ ಫೇರ್‌ವೆಲ್ ಮಾಡುವವರು ಈ ನಂಟನ್ನು ಅರಿತರೆ ತುಸು ಬೆಚ್ಚಿಯಾರು! ಹೆಣಕ್ಕೆ ಅವರಲ್ಲಿದ್ದ ‘ಲಿಚ್’ ಎಂಬ ಹಳೆಯ ಮಾತೂ ಬಳಕೆಯಿಂದ ಹೋಗಿದೆ. ಆದರೆ ಹಳ್ಳಿಯ ಚರ್ಚುಗಳ ಮುಂದೆ ಪೆಟ್ಟಿಗೆಯನ್ನಿಳಿಸಿ ಪಾದ್ರಿಗಾಗಿ ಕಾಯುತ್ತಿದ್ದ ಮಾಡಿನ ಬಾಗಿಲನ್ನು ಈಗಲೂ ‘ಲಿಚ್‌ಗೇಟ್’ ಎಂದೇ ಕರೆಯುವರು. ಶಬ್ದ ಹೋದರೂ ಬಾಗಿಲು ನಿಂತಿದೆ.

ನಮ್ಮಲ್ಲಿ ಹಾಗೆ ನಿಂತುದು ‘ವಿಮಾನ’. ಲಿಂಗವಂತರ ಮನೆಯಲ್ಲಿ ಸಾವಾದರೆ ದೇಹವನ್ನು ಮಲಗಿಸದೆ ಕುಳ್ಳಿರಿಸಿ, ವಿಭೂತಿ ಧರಿಸಿ, ಬಿದಿರು ಬಾಳೆಗಂಬ ಹೂವುಗಳಿಂದ ವಿಮಾನ ಕಟ್ಟಿ, ಭಜನೆಯೊಡನೆ ಒಯ್ಯುವದು ರೂಢಿ. ಚಟ್ಟವೆಂದಾಗಲಿ ಸಿದಿಗೆಯೆಂದಾಗಲಿ ಅಲ್ಲಿ ಅನ್ನುವಂತಿಲ್ಲ. ಸಿದ್ಧೇಶ್ವರನ ಗುಡಿಯ ಕಲ್ಲುಗಳಲ್ಲಿ ನಡುವಣ ಪಟ್ಟಿಕೆಯನ್ನು ನೋಡಿ, ಬಳಿಕ ಹೊರಗೆ ಬೀದಿಯಲ್ಲಿ ಅಂಥದೊಂದು ಮೆರವಣಿಗೆ ಎದುರಾದರೆ ಕಲ್ಲೇ ಎದ್ದು ನಡೆದಂತೆ ತೋರುವದು. ಅಪ್ಸರೆಯರ ಬದಲು ನಾಲ್ವರು ನೆರೆಯವರು ಹೆಗಲು ಕೊಟ್ಟಿರುವರು, ಅಷ್ಟೇ. ಹುಬ್ಬಳ್ಳಿಯಿಂದ ಹಾರುವ ವಿಮಾನವನ್ನು ಮಾತ್ರ ಬಲ್ಲ ಮಕ್ಕಳಿಗೆ “ಅಜ್ಜಗ ವಿಮಾನ ಕಟ್ಟ್ಯಾರ” ಎಂದರೆ ಆಶ್ಚರ್ಯವಾಗುವದು ಸಹಜ.

‘ಲಿಂಗೈಕ್ಯ’ದ ಕಥೆ ಇದಕ್ಕಿಂತ ಸೂಕ್ಷ್ಮ. ಷಟ್‌ಸ್ಥಲಗಳಲ್ಲಿ ಐಕ್ಯವೆಂಬದು ಕಡೆಯ ಸ್ಥಲ. ಶರಣನು ಬದುಕಿರುವಾಗಲೇ ಸಾಧಿಸಬೇಕಾದ ನಿಲುವು. ಈಗ ಅದು ವರ್ತಮಾನಪತ್ರದ ಒಳಪುಟದಲ್ಲಿ ಭಾವಚಿತ್ರದ ಕೆಳಗೆ ಬಂದು ಕುಳಿತಿದೆ. ಹೆಸರಿನ ಹಿಂದಿನ ‘ಲಿಂ.’ ಎಂಬ ಒಂದಕ್ಷರವಾಗಿ ಕುಗ್ಗಿದೆ. ಹಳೆಯ ಮುಂಬಯಿ ಪ್ರಾಂತದ ಬಳುವಳಿಯಾಗಿ ಇನ್ನೊಂದು ಮಾತು ಕಚೇರಿಗಳಲ್ಲಿ ಉಳಿದಿದೆ: ‘ಮಯತ’. ಅರಬ್ಬಿಯಿಂದ ಹೊರಟು ಮರಾಠಿಯ ದಫ್ತರಗಳ ಮೂಲಕ ನಮ್ಮ ಹೊಲದ ಉತಾರಗಳಿಗೆ ಬಂದ ಪದ. ಊರಿನಲ್ಲಿ ಲಿಂಗೈಕ್ಯನಾದವನೂ ದೈವಾಧೀನನಾದವನೂ ಬರೇ ಸತ್ತವನೂ ತಲಾಠಿಯ ವಹಿಯಲ್ಲಿ ಒಂದೇ ಸಮನೆ ಮಯತರಾದರು. ಸರಕಾರಿ ಭಾಷೆಗೆ ನಾವು ಹೆಚ್ಚು ಸಲ ಕೃತಜ್ಞರಾಗುವ ಪ್ರಸಂಗ ಬರುವದಿಲ್ಲ, ಇದೊಂದು ಬಂದಿದೆ.

ಹೊಸ ಸಾವಿಗೆ ಹೊಸ ಮಾತು ಹುಟ್ಟಿದ್ದನ್ನೂ ಈ ನೆಲ ಕಂಡಿದೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವರು 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ವರದಾ ತೀರದ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಜೊತೆಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಆರುನೂರು ವರ್ಷಗಳ ಹಿಂದಾಗಿದ್ದರೆ ಮೂವರಿಗೂ ಮೂರು ಪಟ್ಟಿಕೆಯ ಕಲ್ಲು ನಿಲ್ಲುತ್ತಿತ್ತು, ‘ಸುರಲೋಕಪ್ರಾಪ್ತ’ರಾಗುತ್ತಿದ್ದರು. ಅವರು ‘ಹುತಾತ್ಮ’ರಾದರು. ತನ್ನನ್ನೇ ಆಹುತಿ ಮಾಡಿದವನೆಂಬ ಈ ಪದದಲ್ಲಿ ಅಪ್ಸರೆಯರಿಲ್ಲ, ಸಗ್ಗವಿಲ್ಲ. ಹೋದವನಿಗೆ ಏನು ದೊರೆಯಿತೆಂಬದನ್ನು ಬಿಟ್ಟು ಅವನು ಏನು ಕೊಟ್ಟನೆಂಬದನ್ನಷ್ಟೇ ಅದು ಹೇಳುತ್ತದೆ. ವೀರಗಲ್ಲಿನ ಊರಿನವರು ಇದನ್ನು ಒಪ್ಪಿಕೊಳ್ಳಲು ತಡವಾಗಲಿಲ್ಲ.

ಉಳಿದಂತೆ ಇಂದು ಎಲ್ಲೆಡೆ ‘ನಿಧನ’, ಎಲ್ಲೆಡೆ ‘ಭಾವಪೂರ್ಣ ಶ್ರದ್ಧಾಂಜಲಿ’. ರಾಣೆಬೆನ್ನೂರಿನ ವೃತ್ತದಲ್ಲಿ ಕಟ್ಟಿದ ಫ್ಲೆಕ್ಸಿಗೂ ಬೆಂಗಳೂರಿನದಕ್ಕೂ ಒಂದಕ್ಷರದ ವ್ಯತ್ಯಾಸವಿಲ್ಲ, ಭಾವಚಿತ್ರವೊಂದು ಬೇರೆ.

ಬಸ್ಸಿನ ಮಾತು ಅರ್ಧಕ್ಕೇ ನಿಂತಿತು. ಅರ್ಥ ತಿಳಿದ ಮೇಲೆ ಅಧ್ಯಾಪಕರು ಬಹಳ ನಾಚಿಕೊಂಡು, “ತಪ್ಪು ತಿಳಿಯಬೇಡಿ, ನಮ್ಮ ಕಡೆ ಹಾಗೆ ಅನ್ನುವುದನ್ನು ನಾನು ಕೇಳಿರಲಿಲ್ಲ,” ಎಂದರು.

“ಮತ್ತ ನೀವು ಏನಂತೀರಿ ಸರ?”

“ಅಂತ್ಯಕ್ರಿಯೆ.”

“ಅದು ಪೇಪರಿನ್ಯಾಗ ಬರ್ತತಲ್ರಿ,” ಎಂದ ಮುದುಕ. “ಮನ್ಯಾಗ ಏನಂತೀರಿ?”

ಅಧ್ಯಾಪಕರು ಕಿಟಕಿಯ ಹೊರಗೆ ನೋಡುತ್ತ ಬಹಳ ಹೊತ್ತು ನೆನಪು ಮಾಡಿಕೊಂಡರು. ಅಷ್ಟರಲ್ಲಿ ಬ್ಯಾಡಗಿಯ ಮೆಣಸಿನಕಾಯಿಯ ಘಾಟು ಗಾಳಿಯಲ್ಲಿ ಬಂತು. ಮುದುಕ ರುಮಾಲು ಸರಿಮಾಡಿಕೊಂಡು ಇಳಿಯಲು ಎದ್ದ.