ಕ್ವಾಂಟಂ ವಿಜ್ಞಾನಕ್ಕೆ ಮ್ಯಾಟ್ರಿಕ್ಸ್ ಬಂದ ಬಗೆ

ಕ್ವಾಂಟಂ ಮೆಕ್ಯಾನಿಕ್ಸ್‌ನಲ್ಲಿ ಮ್ಯಾಟ್ರಿಕ್ಸ್ ವಿಧಾನ ರೂಪುಗೊಂಡದ್ದು 1925ರಲ್ಲಿ, ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದಲ್ಲಿ. ಅದರ ಬೇರು ಇರುವುದು ಮಾತ್ರ ಪರಮಾಣುಗಳು ಸೂಸುವ ಬೆಳಕಿನಲ್ಲಿ.

ಹೈಡ್ರೋಜನ್ ಅನಿಲ ಸೂಸುವ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದರೆ ಬಿಡಿಬಿಡಿ ಬಣ್ಣದ ಗೆರೆಗಳು ಕಾಣುತ್ತವೆ. ಎಲೆಕ್ಟ್ರಾನ್ ಗೊತ್ತಾದ ಕೆಲವು ಕಕ್ಷೆಗಳಲ್ಲಷ್ಟೇ ಸುತ್ತುತ್ತದೆ, ಮೇಲಿನ ಕಕ್ಷೆಯಿಂದ ಕೆಳಗಿನದಕ್ಕೆ ಜಿಗಿದಾಗ ಬೆಳಕು ಹೊಮ್ಮುತ್ತದೆ ಎಂದು 1913ರಲ್ಲಿ ನೀಲ್ಸ್ ಬೋರ್ ವಿವರಿಸಿದರು. ಹೈಡ್ರೋಜನ್‌ಗೆ ಚೆನ್ನಾಗಿ ಹೊಂದಿದ ಈ ಲೆಕ್ಕ, ಎರಡು ಎಲೆಕ್ಟ್ರಾನುಗಳ ಹೀಲಿಯಂ ವಿಷಯದಲ್ಲಿ ಸೋತಿತು.

1925ರ ಜೂನ್‌ನಲ್ಲಿ 23 ವರ್ಷದ ವರ್ನರ್ ಹೈಸನ್‌ಬರ್ಗ್ ಪರಾಗದ ಅಲರ್ಜಿ ತಾಳಲಾರದೆ ಉತ್ತರ ಸಮುದ್ರದ ಹೆಲ್ಗೊಲಾಂಡ್ ದ್ವೀಪಕ್ಕೆ ಹೋದರು. ಯಾರೂ ಕಾಣದ ಕಕ್ಷೆಯ ಗೊಡವೆ ಬಿಟ್ಟು, ಅಳೆಯಬಹುದಾದ ಬೆಳಕಿನ ಆವೃತ್ತಿ ಮತ್ತು ತೀವ್ರತೆಗಳಿಂದಲೇ ಲೆಕ್ಕ ಹಾಕಬೇಕೆಂಬುದು ಅವರ ನಿಲುವು. ಪ್ರತಿ ಗೆರೆಗೂ ಎರಡು ಶಕ್ತಿಮಟ್ಟಗಳು ಬೇಕು: ಹೊರಟದ್ದು ಒಂದು, ತಲುಪಿದ್ದು ಇನ್ನೊಂದು. ಹಾಗಾಗಿ ಈ ಸಂಖ್ಯೆಗಳು ಅಡ್ಡಸಾಲು, ಕಂಬಸಾಲುಗಳಿರುವ ಕೋಷ್ಟಕವಾಗಿ ನಿಲ್ಲುತ್ತವೆ.

ಕೋಷ್ಟಕಗಳನ್ನು ಗುಣಿಸುವ ಕ್ರಮವನ್ನು ಬೆಳಕೇ ತೋರಿಸಿಕೊಟ್ಟಿತು. ಹೈಡ್ರೋಜನ್‌ನಲ್ಲಿ ಮೂರನೆಯ ಮಟ್ಟದಿಂದ ಎರಡನೆಯದಕ್ಕೆ ಜಿಗಿದಾಗ ಬರುವ ಬೆಳಕಿನ ಆವೃತ್ತಿ ಸೆಕೆಂಡಿಗೆ ಸುಮಾರು 457 ಲಕ್ಷ ಕೋಟಿ. ಎರಡರಿಂದ ಒಂದಕ್ಕೆ 2,466 ಲಕ್ಷ ಕೋಟಿ. ಮೂರರಿಂದ ನೇರವಾಗಿ ಒಂದಕ್ಕೆ ಜಿಗಿದರೆ 2,923 ಲಕ್ಷ ಕೋಟಿ, ಅಂದರೆ ಮೊದಲೆರಡರ ಮೊತ್ತ. ವಾಲ್ಟರ್ ರಿಟ್ಜ್ 1908ರಲ್ಲೇ ಗುರುತಿಸಿದ್ದ ಈ ನಿಯಮಕ್ಕೆ ಒಪ್ಪುವಂತೆ ಹೈಸನ್‌ಬರ್ಗ್ ಗುಣಾಕಾರವನ್ನು ಕಟ್ಟಿದರು: ನಡುವಿನ ಎಲ್ಲ ಮಟ್ಟಗಳ ಮೂಲಕ ಗುಣಿಸಿ, ಬಂದದ್ದನ್ನೆಲ್ಲ ಕೂಡಿಸುವುದು. ಆದರೆ ಗುಣಿಸುವ ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತಿತ್ತು. ಇದು ಅವರನ್ನು ಕಾಡಿತು.

ಅವರ ಪ್ರಬಂಧವನ್ನು ಓದಿದ ಪ್ರಾಧ್ಯಾಪಕ ಮ್ಯಾಕ್ಸ್ ಬೋರ್ನ್‌ಗೆ, ತಾವು ವಿದ್ಯಾರ್ಥಿಯಾಗಿದ್ದಾಗ ಬ್ರೆಸ್ಲಾವ್‌ನಲ್ಲಿ ಕಲಿತ ಗಣಿತ ನೆನಪಾಯಿತು. ಅದು ಮ್ಯಾಟ್ರಿಕ್ಸ್ ಗುಣಾಕಾರ; ಆರ್ಥರ್ ಕೇಲಿ 1858ರಲ್ಲೇ ಅದನ್ನು ವ್ಯವಸ್ಥಿತವಾಗಿ ನಿರೂಪಿಸಿದ್ದರು. ಹೈಸನ್‌ಬರ್ಗ್‌ಗೆ ಅದರ ಪರಿಚಯವಿರಲಿಲ್ಲ. ಕ್ರಮದ ಮಹತ್ವ ಚಿಕ್ಕ ಉದಾಹರಣೆಯಲ್ಲೇ ಕಾಣುತ್ತದೆ. ಒಂದು ಮ್ಯಾಟ್ರಿಕ್ಸ್‌ನ ಮೇಲಿನ ಸಾಲು 0, 1. ಕೆಳಗಿನದು 0, 0. ಇನ್ನೊಂದರ ಮೇಲಿನ ಸಾಲು 0, 0. ಕೆಳಗಿನದು 1, 0. ಮೊದಲನೆಯದನ್ನು ಎರಡನೆಯದರಿಂದ ಗುಣಿಸಿದರೆ ಎಡ ಮೇಲ್ಮೂಲೆಯಲ್ಲಿ 1 ಬರುತ್ತದೆ. ಕ್ರಮ ತಿರುಗಿಸಿದರೆ ಬಲ ಕೆಳಮೂಲೆಯಲ್ಲಿ.

ಬೋರ್ನ್ ಮತ್ತು ಪಾಸ್ಕುವಲ್ ಜೋರ್ಡಾನ್ ಸೆಪ್ಟೆಂಬರ್‌ನಲ್ಲಿ ಇದನ್ನು ಸಿದ್ಧಾಂತವಾಗಿ ಬೆಳೆಸಿದರು. ಸ್ಥಾನ, ಸಂವೇಗಗಳನ್ನು ಎರಡು ಕ್ರಮದಲ್ಲಿ ಗುಣಿಸಿದಾಗ ಬರುವ ವ್ಯತ್ಯಾಸವನ್ನು ಪ್ಲಾಂಕ್ ಸ್ಥಿರಾಂಕವೇ ನಿರ್ಧರಿಸುತ್ತದೆ ಎಂದು ತೋರಿಸಿದರು. ಗಟಿಂಗನ್‌ನಲ್ಲಿರುವ ಬೋರ್ನ್ ಸಮಾಧಿಯ ಮೇಲೆ ಈ ಸಮೀಕರಣವನ್ನು ಕೆತ್ತಲಾಗಿದೆ. ನವೆಂಬರ್‌ನಲ್ಲಿ ಮೂವರೂ ಸೇರಿ ಬರೆದ ಪ್ರಬಂಧ ಸಿದ್ಧಾಂತಕ್ಕೆ ಪೂರ್ಣರೂಪ ಕೊಟ್ಟಿತು. ಅದೇ ವಿಧಾನದಿಂದ ವುಲ್ಫ್‌ಗ್ಯಾಂಗ್ ಪೌಲಿ ಹೈಡ್ರೋಜನ್‌ನ ಶಕ್ತಿಮಟ್ಟಗಳನ್ನು ಪಡೆದಾಗ ಅದರ ಸಾಮರ್ಥ್ಯ ಖಚಿತವಾಯಿತು.

1926ರಲ್ಲಿ ಎರ್ವಿನ್ ಶ್ರೋಡಿಂಗರ್ ಅಲೆಗಳ ಸಮೀಕರಣದ ಮೂಲಕ ಅದೇ ಉತ್ತರಗಳನ್ನು ಪಡೆದರು. ಎರಡು ವಿಧಾನಗಳ ತಿರುಳೂ ಒಂದೇ ಎಂದು ಅದೇ ವರ್ಷ ತೋರಿಸಿಕೊಟ್ಟರು.